ಬಾಬ್‌ಕ್ಯಾಟ್ ಕರೆಸುವವರೇ, ಬಕೆಟ್ ಮಣ್ಣಿಗೆ ಇಳಿಯುವ ಮೊದಲು ಸ್ವಲ್ಪ ನಿಲ್ಲಿ

ಮಾನ್ಯ ಸಂಪಾದಕರೇ,

ಪಾಯ ತೋಡುವಾಗ ಮಣ್ಣು ಕುಸಿದು ಕೂಲಿಯವರು ಸತ್ತರು, ಯಂತ್ರಕ್ಕೆ ಸಿಕ್ಕಿ ಹೆಲ್ಪರ್ ಸತ್ತ ಎನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನಾಲ್ಕು ಸಾಲು ಇರುತ್ತದೆ. ಕೊನೆಯಲ್ಲಿ ಚಾಲಕನ ನಿರ್ಲಕ್ಷ್ಯ ಎಂದು ಬರೆದು ಮುಗಿಸುತ್ತಾರೆ. ನಾನು ಇದೇ ಕೆಲಸದಲ್ಲಿ ಇರುವವನು. ಮೊದಲು ಆಪರೇಟರ್ ಆಗಿದ್ದೆ, ಈಗ ನನ್ನದೇ ಎರಡು ಯಂತ್ರ ಇಟ್ಟುಕೊಂಡು ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಬಾಡಿಗೆಗೆ ಕಳಿಸುತ್ತೇನೆ. ಆ ನಾಲ್ಕು ಸಾಲು ಓದಿದಾಗಲೆಲ್ಲ ಸಂಕಟ ಆಗುತ್ತದೆ. ಆಪರೇಟರ್ ತಪ್ಪು ಮಾಡಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವನ ಪಕ್ಕದಲ್ಲಿ ನಿಂತು "ಇನ್ನೊಂದು ಅಡಿ ಇಳಿಸಪ್ಪ, ಗಂಟೆ ಓಡ್ತಾ ಇದೆ" ಅಂದವರು ಯಾರು? ಗುಂಡಿಯ ಅಂಚಿಗೇ ಮಣ್ಣು ಸುರಿಯಲು ಹೇಳಿದವರು ಯಾರು? ಮನೆ ಕಟ್ಟಿಸುವವರು, ಮೇಸ್ತ್ರಿಗಳು, ಸಣ್ಣ ಗುತ್ತಿಗೆದಾರರು, ನನ್ನಂಥ ಯಂತ್ರದ ಮಾಲೀಕರು, ಎಲ್ಲರೂ ಇದರಲ್ಲಿ ಪಾಲುದಾರರು. ಅವರಿಗಾಗಿಯೇ ಈ ಪತ್ರ. ಉದ್ದ ಆಗಿದೆ, ದಯವಿಟ್ಟು ಜಾಗ ಕೊಡಿ.

ನಾನು ಹೇಳುತ್ತಿರುವುದು ಸ್ಕಿಡ್ ಸ್ಟಿಯರ್ ಲೋಡರ್ ಬಗ್ಗೆ, ಅಂದರೆ ಮುಂದಿನ ಬಕೆಟ್‌ನಲ್ಲಿ ಮಣ್ಣು ಎತ್ತಿ ಸಾಗಿಸುವ ಚಿಕ್ಕ ಯಂತ್ರ. ಯಾವ ಕಂಪನಿಯದೇ ಇರಲಿ, ನಮ್ಮ ಕಡೆ ಎಲ್ಲರೂ ಬಾಬ್‌ಕ್ಯಾಟ್ ಅಂತಲೇ ಕರೆಯುತ್ತಾರೆ. ನಮ್ಮೂರಲ್ಲಿ ಇದಕ್ಕೆ ಬೇಡಿಕೆ ಜಾಸ್ತಿ ಆಗಿದ್ದಕ್ಕೆ ಕಾರಣ ಇದೆ. ಹಳೇ ದಾವಣಗೆರೆಯ ಓಣಿಗಳಿಗೆ ಜೆಸಿಬಿ ನುಗ್ಗುವುದಿಲ್ಲ. ಮಂಡಿಪೇಟೆ ಸುತ್ತಮುತ್ತ ಹಳೇ ಮನೆ ಕೆಡವಿ ಹೊಸದು ಕಟ್ಟುವವರು, ನಿಟುವಳ್ಳಿ, ವಿದ್ಯಾನಗರದ ಕಡೆ 20×30, 30×40 ಸೈಟಿನಲ್ಲಿ ಕೆಳಗೆ ಪಾರ್ಕಿಂಗ್ ಬೇಕು ಅನ್ನುವವರು, ಎಲ್ಲರಿಗೂ ಇದೇ ಬೇಕು. ನಿಂತ ಜಾಗದಲ್ಲೇ ಸುತ್ತು ತಿರುಗುತ್ತದೆ. ಚಿಕ್ಕ ಗೇಟಿನಲ್ಲೂ ಒಳಗೆ ಹೋಗುತ್ತದೆ. ನೋಡಲು ಚಿಕ್ಕದು, ಹಾಗಾಗಿ ಜನಕ್ಕೆ ಇದರ ಬಗ್ಗೆ ಭಯವೇ ಇಲ್ಲ. ಜೆಸಿಬಿ ಬಂದರೆ ದೂರ ಸರಿಯುವ ಮಂದಿ ಬಾಬ್‌ಕ್ಯಾಟ್ ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿರುತ್ತಾರೆ. ಆದರೆ ಸಾಮಾನ್ಯವಾಗಿ ಈ ಯಂತ್ರವೇ ಎರಡೂವರೆ, ಮೂರು ಟನ್ ತೂಗುತ್ತದೆ.

ಇದು ಹುಟ್ಟಿದ್ದು ಮಣ್ಣು ಅಗೆಯಲಿಕ್ಕೆ ಅಲ್ಲ. 1957ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಕೆಲ್ಲರ್ ಎನ್ನುವ ಅಣ್ಣತಮ್ಮಂದಿರು ಒಬ್ಬ ಟರ್ಕಿ ಕೋಳಿ ಸಾಕುವ ರೈತನಿಗಾಗಿ ಮೊದಲನೆಯದನ್ನು ಮಾಡಿಕೊಟ್ಟರು. ಕೋಳಿ ಶೆಡ್ಡಿನೊಳಗಿನ ಗೊಬ್ಬರ ಬಳಿಯಲು, ಇಕ್ಕಟ್ಟಿನಲ್ಲಿ ತಿರುಗಲು. ಆಗ ಮೂರೇ ಚಕ್ರ ಇದ್ದವು, ನಾಲ್ಕು ಚಕ್ರದ್ದು 1960ರಲ್ಲಿ ಬಂತು. ಈ ಕಥೆ ಸುಮ್ನೆ ಹೇಳುತ್ತಿಲ್ಲ. ಇವತ್ತಿಗೂ ಇದು ಮೊದಲು ಲೋಡರ್, ಆಮೇಲೆ ಉಳಿದದ್ದು. ಜೆಸಿಬಿ ಮೇಲೆ ನಿಂತು ಹಿಂದಿನ ಉದ್ದ ಕೈಯನ್ನು ಕೆಳಗೆ ಚಾಚಿ ಗುಂಡಿ ತೋಡುತ್ತದೆ. ಬರೀ ಬಕೆಟ್ ಹಾಕಿದ ಬಾಬ್‌ಕ್ಯಾಟ್ ಹಾಗಲ್ಲ, ಆಳ ಬೇಕಾದರೆ ಅದೇ ಗುಂಡಿಯೊಳಗೆ ಇಳಿಯಬೇಕು. ಆಪರೇಟರ್ ಸಮೇತ! ಅಂದರೆ ಸುತ್ತಲಿನ ಮಣ್ಣಿನ ಗೋಡೆ ಅವನ ತಲೆಗಿಂತ ಮೇಲೆ ಇರುತ್ತದೆ. ಕಾಲಂ ಗುಂಡಿಗಳು ಐದಾರು ಅಡಿ ಬೇಕು ಅಂದರೆ ಅದಕ್ಕೆ ಮಿನಿ ಎಕ್ಸ್‌ಕವೇಟರ್ ಅಥವಾ ಜೆಸಿಬಿ ತರಿಸಿ. ಜಾಗ ಇಲ್ಲ ಅಂದರೆ ಆಳುಗಳಿಂದ ಕ್ರಮವಾಗಿ ತೋಡಿಸಿ. ಮೇಲ್ಮಣ್ಣು ಕೆರೆಯುವುದು, ಮಟ್ಟ ಮಾಡುವುದು, ತೆಗೆದ ಮಣ್ಣು ತುಂಬುವುದು, ಇಳಿಜಾರು ದಾರಿ ಮಾಡಿಕೊಂಡು ಅಗಲವಾಗಿ ತಗ್ಗು ತೆಗೆಯುವುದು, ಇದು ಬಾಬ್‌ಕ್ಯಾಟಿನ ಕೆಲಸ.

ಇನ್ನು ಮಣ್ಣಿನ ವಿಷಯ. ನಮ್ಮ ಜಿಲ್ಲೆಗಳಲ್ಲಿ ಒಂದೇ ಥರ ಮಣ್ಣು ಇಲ್ಲ. ಎರೆ ಭೂಮಿ ಇದೆ, ಕೆಂಪು ಮಣ್ಣು ಇದೆ, ಗರಸು ಇದೆ, ಚಿತ್ರದುರ್ಗದ ಕಡೆ ಹೋದರೆ ಮಣ್ಣಿನೊಳಗೇ ಕರಿಕಲ್ಲಿನ ಗುಂಡುಗಳು ಸಿಗುತ್ತವೆ. ಇವುಗಳಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಎರೆ ಮಣ್ಣಿನದು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಕೈ ಹೋಗುವಷ್ಟು ಬಿರುಕು. ತೋಡಿದರೆ ಅಂಚು ಗೋಡೆ ಕಟ್ಟಿದಷ್ಟು ನೇರವಾಗಿ ನಿಲ್ಲುತ್ತದೆ. ನೋಡಿದವರು "ಏನೂ ಆಗಲ್ಲ ಬಿಡಿ, ಕಲ್ಲಿದ್ದಂಗೆ ಐತಿ" ಅಂತಾರೆ. ಏಪ್ರಿಲ್, ಮೇನಲ್ಲಿ ಒಂದು ಜೋರು ಮಳೆ ಬಿದ್ದರೆ ಸಾಕು, ನೀರು ಆ ಬಿರುಕುಗಳೊಳಗೆ ಇಳಿಯುತ್ತದೆ, ಮಣ್ಣು ಉಬ್ಬುತ್ತದೆ, ಹಿಡಿತ ಬಿಡುತ್ತದೆ, ದೊಡ್ಡ ತುಂಡಾಗಿ ಒಂದೇ ಸಲ ಜಾರಿ ಬೀಳುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗೂ ಜಾಸ್ತಿ ತೂಗುತ್ತದೆ. ಎದೆಮಟ್ಟ ಹೂತ ಮನುಷ್ಯನಿಗೆ ಮುಖ ಹೊರಗಿದ್ದರೂ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಮಳೆ ಬಂದ ಮಾರನೇ ದಿನ ಬಿಸಿಲು ಬಂತು ಅಂತ ಬೆಳಿಗ್ಗೆಯೇ ಜನರನ್ನು ಗುಂಡಿಗೆ ಇಳಿಸಬೇಡಿ. ಮೊದಲು ಅಂಚಿನಿಂದ ಒಂದೆರಡು ಮೀಟರ್ ಹಿಂದೆ ನಡೆದು ನೋಡಿ, ಹೊಸ ಬಿರುಕು ಅಂಚಿಗೆ ಸಮಾನಾಂತರವಾಗಿ ಓಡುತ್ತಿದ್ದರೆ ಆ ಮಣ್ಣು ಬೀಳಲು ತಯಾರಾಗಿದೆ ಅಂತಲೇ ಅರ್ಥ.

ಇದಕ್ಕೆ ನಿಯಮ ಇಲ್ಲವೇ? ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಕಾಗದಗಳ ಸುರಕ್ಷತಾ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. 1.5 ಮೀಟರ್, ಅಂದರೆ ಸುಮಾರು 5 ಅಡಿ ಅಥವಾ ಅದಕ್ಕಿಂತ ಆಳದ ಕಾಲುವೆ ತೋಡಿದರೆ ಪಕ್ಕಗಳನ್ನು ಇಳಿಜಾರಾಗಿ ಇಲ್ಲವೇ ಮೆಟ್ಟಿಲಾಗಿ ಕಡಿಯಬೇಕು, ಅದು ಆಗದಿದ್ದರೆ ಮರದ ಹಲಗೆ, ಆನಿಕೆ ಕೊಟ್ಟು ಬಿಗಿ ಮಾಡಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಜಾಸ್ತಿಯೋ ಅಷ್ಟು ದೂರ ಹಾಕಬೇಕು. 1.2 ಮೀಟರ್ ಆಳ ದಾಟಿದರೆ ಏಣಿ ಇರಬೇಕು, ಅದೂ ಮೇಲೆ 90 ಸೆಂಟಿಮೀಟರ್ ಎದ್ದು ಕಾಣಬೇಕು. ಬುಡ ಕೊರೆಯುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಇದು ಸರ್ಕಾರಿ ಕೆಲಸದ ನಿಯಮ, ಖಾಸಗಿ ಮನೆಗೆ ಯಾರು ಕೇಳುತ್ತಾರೆ ಅನ್ನಬಹುದು. ಮಣ್ಣಿಗೆ ಸರ್ಕಾರಿ, ಖಾಸಗಿ ಗೊತ್ತಿಲ್ಲ ಅಲ್ವಾ? ನಾನು ನನ್ನ ಹುಡುಗರಿಗೆ ಇನ್ನೊಂದು ಮಾತು ಸೇರಿಸಿ ಹೇಳಿದ್ದೇನೆ: ಗುಂಡಿ ಎಷ್ಟು ಆಳವೋ ಯಂತ್ರ ಕನಿಷ್ಠ ಅಷ್ಟು ದೂರ ನಿಲ್ಲಬೇಕು. ಈ ಯಂತ್ರದಲ್ಲಿ ಸ್ಟಿಯರಿಂಗ್‌ಗೆ ಮುಂದಿನ ಚಕ್ರ ತಿರುಗುವುದಿಲ್ಲ. ಎಡಗಡೆ ಚಕ್ರ ಒಂದು ದಿಕ್ಕಿಗೆ, ಬಲಗಡೆ ಚಕ್ರ ಇನ್ನೊಂದು ದಿಕ್ಕಿಗೆ ಓಡಿ, ನೆಲವನ್ನು ಉಜ್ಜಿಕೊಂಡೇ ಅದು ತಿರುಗಬೇಕು. ಅಂಚಿನ ಹತ್ತಿರ ಹಾಗೆ ತಿರುಗಿಸಿದರೆ ಚಕ್ರವೇ ಮಣ್ಣನ್ನು ಗುಂಡಿಯ ಕಡೆಗೆ ತಳ್ಳುತ್ತದೆ. ಅಂಚಿನಲ್ಲಿ, ಹಸಿ ಮಣ್ಣಲ್ಲಿ ಗಿರಕಿ ಹೊಡೆಸಬಾರದು. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಮಾಡಿ ನಿಧಾನವಾಗಿ ತಿರುಗಿಸಬೇಕು.

ಹದಡಿ ರಸ್ತೆ ಕಡೆಯ ಒಂದು ಸೈಟಿನ ಮಾತು ಹೇಳುತ್ತೇನೆ. ಪಕ್ಕದ ಮನೆಯವರ ಕಾಂಪೌಂಡ್ ಗೋಡೆ ಇವರ ಗಡಿಗೆ ಅಂಟಿಕೊಂಡೇ ಇತ್ತು. ಸೈಜುಗಲ್ಲಿನ ಹಳೇ ಗೋಡೆ, ಪಾಯ ಒಂದೂವರೆ ಅಡಿಯೂ ಇರಲಿಲ್ಲ. ಮೇಸ್ತ್ರಿ ಗೋಡೆಗೆ ತಾಗಿಸಿಯೇ ನಾಲ್ಕು ಅಡಿ ಇಳಿಸು ಅಂದರು. ನನ್ನ ಆಪರೇಟರ್ ಆಗಲ್ಲ ಅಂದ. ಮಾತಿಗೆ ಮಾತು ಬೆಳೆದು ನನಗೆ ಫೋನ್ ಬಂತು, ನಾನು ಹೋಗಿ ನೋಡಿದೆ, ಅವನು ಹೇಳಿದ್ದೇ ಸರಿ ಇತ್ತು. ಗೋಡೆಯ ಬುಡದ ಮಣ್ಣು ತೆಗೆದರೆ ಗೋಡೆ ಯಾವುದರ ಮೇಲೆ ನಿಲ್ಲುತ್ತದೆ? ಅಲ್ಲಿಂದ ಮೂರು ಅಡಿ ಬಿಟ್ಟು ತೋಡುತ್ತೇವೆ, ಗಡಿಯ ಭಾಗವನ್ನು ನಾಲ್ಕು ನಾಲ್ಕು ಅಡಿಯ ತುಂಡು ಮಾಡಿಕೊಂಡು ಒಂದು ಬಿಟ್ಟು ಒಂದು ಕೈಯಲ್ಲಿ ತೋಡಿಸಿ, ತೋಡಿದ್ದಕ್ಕೆ ಅವತ್ತೇ ಕಾಂಕ್ರೀಟ್ ಹಾಕಿ ಅಂದೆವು. ಮನೆ ಮಾಲೀಕರಿಗೆ ಅದು ದುಬಾರಿ ಅನ್ನಿಸಿತು. ನಮ್ಮನ್ನು ಕಳಿಸಿ ಬೇರೆ ಯಂತ್ರ ಕರೆಸಿದರು. ಆ ಗೋಡೆ ಉಳಿಯಿತೋ ಇಲ್ಲವೋ ಅನ್ನುವುದು ಇಲ್ಲಿ ಮುಖ್ಯ ಅಲ್ಲ. "ಆಗಲ್ಲ" ಅಂದ ಹುಡುಗನಿಗೆ ಅವತ್ತಿನ ಬಾಡಿಗೆ ಹೋಯಿತು, "ಆಯ್ತಣ್ಣ" ಅಂದವನಿಗೆ ಕೆಲಸ ಸಿಕ್ಕಿತು. ನಮ್ಮ ಊರಿನ ಆಪರೇಟರ್‌ಗಳು ಇದನ್ನು ನೋಡಿಯೇ ಕಲಿಯುತ್ತಿದ್ದಾರೆ. ಬೇಡ ಅಂದವನ ಮಾತು ಕೇಳುವ ಜನ ಇದ್ದರೆ ತಾನೇ ಬೇಡ ಅನ್ನುವವರು ಇರುತ್ತಾರೆ. ನನ್ನ ಹುಡುಗರಿಗೆ ಅಂಥ ದಿನವೂ ಪೂರ್ತಿ ಸಂಬಳ ಕೊಡುತ್ತೇನೆ. ಬೇರೆ ಮಾಲೀಕರೂ ಕೊಡಲಿ ಅಂತ ಈ ಮೂಲಕ ಕೇಳಿಕೊಳ್ಳುತ್ತೇನೆ.

ಈಗ ಯಂತ್ರದೊಳಗಿನ ಮಾತು, ಇದನ್ನು ಮಾಲೀಕರು ಮತ್ತು ಆಪರೇಟರ್‌ಗಳು ಗಮನವಿಟ್ಟು ಓದಬೇಕು. ಹೆಚ್ಚಿನ ಬಾಬ್‌ಕ್ಯಾಟ್‌ಗಳಿಗೆ ಬಾಗಿಲು ಪಕ್ಕದಲ್ಲಿ ಇಲ್ಲ, ಮುಂದಿನಿಂದ ಬಕೆಟ್ ದಾಟಿಯೇ ಹತ್ತಬೇಕು, ಇಳಿಯಬೇಕು. ಬಕೆಟ್ ಎತ್ತುವ ಎರಡು ತೋಳುಗಳು ಕೂತವನ ಭುಜದ ಪಕ್ಕದಲ್ಲೇ ಮೇಲೆ ಕೆಳಗೆ ಹೋಗುತ್ತವೆ. ತಲೆ ಹೊರಗೆ ಹಾಕಿದರೆ ತೋಳಿಗೂ ಚಾಸಿಗೂ ನಡುವೆ ಸಿಕ್ಕಿಬೀಳುತ್ತದೆ. ಬಕೆಟ್ ಮೇಲಿಟ್ಟು ಇಳಿಯುವಾಗ ಕಾಲು ಪೆಡಲ್‌ಗೆ ತಾಗಿದರೆ ತೋಳು ಮೈಮೇಲೆ ಬರುತ್ತದೆ. ಅದಕ್ಕೇ ಸೀಟ್ ಬೆಲ್ಟ್, ಸೀಟ್ ಬಾರ್ (ಕೂತವನ ಮುಂದೆ ಇಳಿಸಿಕೊಳ್ಳುವ ಕಬ್ಬಿಣದ ಅಡ್ಡಪಟ್ಟಿ) ಕೊಟ್ಟಿರುವುದು. ಬಾರ್ ಮೇಲೆತ್ತಿದ ತಕ್ಷಣ ತೋಳು, ಬಕೆಟ್ ಎಲ್ಲ ಲಾಕ್ ಆಗಬೇಕು. ಪಕ್ಕದ ಜಾಲರಿ ಇರುವುದೂ ಅದಕ್ಕೇ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡುವ ನಿಯೋಶ್ ಸಂಸ್ಥೆ 1998ರಲ್ಲೇ ಈ ಯಂತ್ರದ ಸಾವುಗಳ ಬಗ್ಗೆ ಬೇರೆಯದೇ ಎಚ್ಚರಿಕೆ ಪತ್ರ ಹೊರಡಿಸಿತ್ತು, ಅದರಲ್ಲೂ ಒತ್ತಿ ಹೇಳಿದ್ದು ಇದನ್ನೇ.

ನಮ್ಮಲ್ಲಿ ಏನಾಗುತ್ತಿದೆ? ಬಾರಿನ ಸೆನ್ಸರ್ ಕೆಟ್ಟರೆ ಬಿಡಿಭಾಗ ಬರಲು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬಾಡಿಗೆ ಯಾಕೆ ಬಿಡಬೇಕು ಅಂತ ಎರಡು ವೈರ್ ಸೇರಿಸಿ ಓಡಿಸುತ್ತಾರೆ, ಆಮೇಲೆ ಬಿಡಿಭಾಗ ಬಂದರೂ ಹಾಕಿಸುವುದಿಲ್ಲ. ಬಾರನ್ನು ಮೇಲೆ ಹಗ್ಗದಿಂದ ಕಟ್ಟಿರುವುದನ್ನೂ ನೋಡಿದ್ದೇನೆ. ಸೆಕೆ ಅಂತ ಜಾಲರಿ ಬಿಚ್ಚಿ ಶೆಡ್ಡಿನಲ್ಲಿ ಇಟ್ಟಿರುತ್ತಾರೆ. ಇದನ್ನು ಮಾಡುವವರು ಆಪರೇಟರ್‌ಗಳಿಗಿಂತ ಜಾಸ್ತಿ ಮಾಲೀಕರೇ, ಅಥವಾ ಮಾಲೀಕರಿಗೆ ಗೊತ್ತಿದ್ದೇ ಮಾಡುತ್ತಾರೆ. ಯಂತ್ರ ಕರೆಸುವವರಿಗೆ ನನ್ನ ಕೋರಿಕೆ ಇಷ್ಟೇ. ಕೆಲಸ ಶುರು ಮಾಡುವ ಮೊದಲು ಆಪರೇಟರ್‌ಗೆ ಹೇಳಿ, ಬಕೆಟ್ ನೆಲದ ಮೇಲೆಯೇ ಇರಲಿ, ಬಾರ್ ಎತ್ತಿ ತೋಳು ಎತ್ತಲು ನೋಡು ಅಂತ. ತೋಳು ಕದಲಿದರೆ ಆ ಯಂತ್ರ ವಾಪಸ್ ಕಳಿಸಿ. ಒಂದು ನಿಮಿಷದ ಕೆಲಸ, ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ಹಾಗೇ ಬಕೆಟ್ ಸಿಕ್ಕಿಸುವ ಎರಡೂ ಲಿವರ್ ಪೂರ್ತಿ ಕೆಳಗೆ ಬಿದ್ದಿವೆಯೇ, ಪಿನ್ನು ತೂತಿನಿಂದ ಆಚೆ ಬಂದಿದೆಯೇ ನೋಡಿಸಿ. ಅರ್ಧ ಸಿಕ್ಕಿದ ಬಕೆಟ್ ಟ್ರೇಲರ್ ಮೇಲೆ ಮಣ್ಣು ಸುರಿಯುವಾಗ ಕಳಚಿ ಬೀಳುತ್ತದೆ.

ರಿಪೇರಿ ಮಾಡುವ ಹುಡುಗರಿಗೆ ಎರಡು ಮಾತು. ಎತ್ತಿದ ತೋಳಿನ ಕೆಳಗೆ ಕೆಲಸ ಇದ್ದರೆ ಯಂತ್ರದ ಜೊತೆ ಬರುವ ಕಬ್ಬಿಣದ ಆಧಾರವನ್ನೇ ಕೊಡಬೇಕು, ಇಟ್ಟಿಗೆ, ಮರದ ದಿಮ್ಮಿ ಅಲ್ಲ. ಹೈಡ್ರಾಲಿಕ್ ಪೈಪ್ ಸೋರುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಸೂಜಿ ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಕಡಿಮೆ ಇದೆ ಅಂತ ಮನೆಗೆ ಹೋಗಿ ಮಲಗಿದರೆ ಬೆರಳು, ಕೈ ಕಳೆದುಕೊಳ್ಳಬೇಕಾಗುತ್ತದೆ. ಆಗಲೇ ಆಸ್ಪತ್ರೆಗೆ ಹೋಗಬೇಕು.

ಭಾರದ ಲೆಕ್ಕವೂ ಯಾರಿಗೂ ಬೇಡವಾಗಿದೆ. ಈ ಯಂತ್ರದ ಮೇಲೆ ಬರೆದಿರುವ ಎತ್ತುವ ಶಕ್ತಿ ಅಂದರೆ, ಚಕ್ರದ ಯಂತ್ರಗಳಲ್ಲಿ ಮುಂದಕ್ಕೆ ಮಗುಚುವ ಭಾರದ ಅರ್ಧ. ಉಳಿದ ಅರ್ಧವನ್ನು ಸುಮ್ನೆ ಬಿಟ್ಟಿಲ್ಲ, ಹಳ್ಳದಿಣ್ಣೆ ಇರುವ ನೆಲಕ್ಕಾಗಿ ಬಿಟ್ಟಿರುವುದು. 0.4 ಘನ ಮೀಟರ್ ಬಕೆಟ್‌ನಲ್ಲಿ ಹಸಿ ಮಣ್ಣು ತುಂಬಿದರೆ 700 ಕೆ.ಜಿ. ದಾಟುತ್ತದೆ. ಅದೇ ಬಕೆಟ್‌ನಲ್ಲಿ ಒಣ ಸಡಿಲ ಮಣ್ಣು ಎತ್ತಿದ ಯಂತ್ರ ಮಳೆಯ ಮಾರನೇ ದಿನ ಹಿಂದಿನ ಚಕ್ರ ಎತ್ತುತ್ತದೆ. ಖಾಲಿ ಇದ್ದಾಗ ಯಂತ್ರದ ಭಾರ ಹೆಚ್ಚಿನ ಪಾಲು ಹಿಂದೆ, ಇಂಜಿನ್ ಕಡೆ ಇರುತ್ತದೆ. ಬಕೆಟ್ ತುಂಬಿದರೆ ಮುಂದಕ್ಕೆ ಬರುತ್ತದೆ. ಆದ್ದರಿಂದ ತುಂಬಿದ ಬಕೆಟ್ ಇದ್ದರೆ ಏರನ್ನು ಮುಂದಾಗಿ ಹತ್ತಿ, ಹಿಂದಾಗಿ ಇಳಿಯಬೇಕು. ಖಾಲಿ ಇದ್ದರೆ ಹಿಂದಾಗಿ ಹತ್ತಿ, ಮುಂದಾಗಿ ಇಳಿಯಬೇಕು. ಭಾರದ ಕಡೆ ಯಾವಾಗಲೂ ಏರಿನ ಕಡೆಗೆ. ನೆಲಮಾಳಿಗೆಗೆ ಮಾಡುವ ಇಳಿಜಾರಿನಲ್ಲಿ ಅಡ್ಡಡ್ಡ ಹೋಗುವುದು, ಅಲ್ಲೇ ತಿರುಗಿಸುವುದು ಬೇಡವೇ ಬೇಡ. ಬಕೆಟ್ ನೆಲದಿಂದ ಒಂದು ಗೇಣು ಮೇಲಿದ್ದರೆ ಓಡಾಡಲು ಸಾಕು. ಟಿಪ್ಪರ್ ಹತ್ತಿರ ಹೋಗಿ ನಿಂತ ಮೇಲೆಯೇ ಎತ್ತಬೇಕು. ಎತ್ತಿಕೊಂಡೇ ಓಡಿ ಬರುವ ಆಪರೇಟರ್‌ನನ್ನು ನೋಡಿ "ಭಾರಿ ಫಾಸ್ಟ್ ಅದಾನ" ಅಂತ ಮೆಚ್ಚುವವರು ಇದ್ದಾರೆ. ದಯವಿಟ್ಟು ಹಾಗೆ ಮೆಚ್ಚಬೇಡಿ, ಆ ಮೆಚ್ಚುಗೆಗೇ ಹುಡುಗರು ಇನ್ನೂ ಜೋರು ಓಡಿಸುತ್ತಾರೆ. ಚಿತ್ರದುರ್ಗದ ಕಡೆ ಮಣ್ಣಿನಲ್ಲಿ ಗುಂಡುಕಲ್ಲು ಸಿಕ್ಕಾಗ ಬಕೆಟ್ಟಿನ ಒಂದು ಮೂಲೆ ಹಾಕಿ ಮೀಟುವುದೂ ಹೀಗೆಯೇ ಅಪಾಯ. ಕಲ್ಲು ಏಳುವುದಿಲ್ಲ, ಯಂತ್ರ ಏಳುತ್ತದೆ. ಸುತ್ತ ಮಣ್ಣು ಬಿಡಿಸಿ, ಆಗದಿದ್ದರೆ ಕಲ್ಲು ಒಡೆಯುವ ಬ್ರೇಕರ್ ತರಿಸಿ.

ಬಾಬ್‌ಕ್ಯಾಟಿನ ಅರ್ಧ ಕೆಲಸ ರಿವರ್ಸ್‌ನಲ್ಲೇ ನಡೆಯುತ್ತದೆ, ಆದರೆ ಕೂತವನಿಗೆ ಹಿಂದೆ ಸರಿಯಾಗಿ ಕಾಣುವುದಿಲ್ಲ, ಇಂಜಿನ್ ಅಡ್ಡ, ಪಕ್ಕಕ್ಕೆ ತೋಳುಗಳು ಅಡ್ಡ. ನಮ್ಮ ಊರಿನಲ್ಲಿ ಯಂತ್ರ ಬಂತು ಅಂದರೆ ಓಣಿಯ ಮಕ್ಕಳೆಲ್ಲ ಸೇರುತ್ತಾರೆ, ಶಾಲೆ ರಜೆ ಇದ್ದರಂತೂ ಕೇಳಬೇಡಿ, ಅಜ್ಜಂದಿರೂ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಂತ್ರದ ಸುತ್ತ ಹಗ್ಗ ಕಟ್ಟಿಸಿ, ಒಬ್ಬರನ್ನು ಜನ ತಡೆಯಲಿಕ್ಕೇ ನಿಲ್ಲಿಸಿ. ಸನ್ನೆ ಮಾಡುವವನು ಒಬ್ಬನೇ ಇರಬೇಕು, ಅವನು ಆಪರೇಟರ್ ಕಣ್ಣಿಗೆ ಕಾಣುವ ಕಡೆ ನಿಲ್ಲಬೇಕು, ಹಿಂದೆ ಅಲ್ಲ. ಅವನು ಕಾಣದೇ ಹೋದರೆ ಯಂತ್ರ ನಿಲ್ಲಬೇಕು. ಮೇಸ್ತ್ರಿ ಒಂದು ಕಡೆಯಿಂದ, ಮಾಲೀಕರು ಒಂದು ಕಡೆಯಿಂದ, ಟ್ರಾಕ್ಟರ್ ಡ್ರೈವರ್ ಇನ್ನೊಂದು ಕಡೆಯಿಂದ ಕೈ ಬೀಸಿದರೆ ಕೂತವನು ಯಾರನ್ನು ನೋಡಬೇಕು? ಗುಂಡಿಯಲ್ಲಿ ಆಳುಗಳು ಇರುವಾಗ ಅದೇ ಗುಂಡಿಯಲ್ಲಿ ಯಂತ್ರ ಓಡಬಾರದು. ಬಕೆಟ್‌ನಲ್ಲಿ ಹೆಲ್ಪರ್‌ನನ್ನು ಕೂರಿಸಿ ಕೆಳಗೆ ಇಳಿಸುವುದು, ಮೇಲೆ ಎತ್ತುವುದು ನಮ್ಮ ಕಡೆ ಮಾಮೂಲು ಆಗಿಬಿಟ್ಟಿದೆ. ಏಣಿ ತರಿಸಲು ಎಷ್ಟು ಖರ್ಚು? ನೆಲಮಾಳಿಗೆ ಮುಚ್ಚಿದ ಮೇಲೆ ಒಳಗೆ ಯಂತ್ರ ಓಡಿಸಿ ಮಣ್ಣು ತೆಗೆಸುವವರು ಇನ್ನೊಂದು ನೆನಪಿಡಿ, ಡೀಸೆಲ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎನ್ನುವ ವಿಷಗಾಳಿಗೆ ವಾಸನೆ ಇಲ್ಲ. ತಲೆ ಸಿಡಿಯುತ್ತಿದೆ ಅಂತ ಯಾರಾದರೂ ಅಂದರೆ ಆಗಲೇ ಹೊರಗೆ ಬರಬೇಕು.

ನೆಲದೊಳಗೆ ಏನಿದೆ ಅನ್ನುವುದು ಈಗ ದೊಡ್ಡ ತಲೆನೋವು. 2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲಿ ದಾವಣಗೆರೆ ಹೆಸರು ಬಂದಾಗಿನಿಂದ ನಮ್ಮ ರಸ್ತೆಗಳ ಕೆಳಗೆ ಎಷ್ಟು ಸೇರಿದೆ ನೋಡಿ. ನೀರಿನ ಹೊಸ ಪೈಪ್, ಹಳೇ ಪೈಪ್, ಯುಜಿಡಿ (ಒಳಚರಂಡಿ), ಕರೆಂಟ್ ಕೇಬಲ್, ಫೋನ್ ಕೇಬಲ್, ಈಗೀಗ ಕೆಲವು ಕಡೆ ಅಡುಗೆ ಗ್ಯಾಸಿನ ಪೈಪ್ ಕೂಡ. ಅದು ಸಾಮಾನ್ಯವಾಗಿ ಹಳದಿ ಅಥವಾ ಕಿತ್ತಳೆ ಬಣ್ಣದ್ದು, ನೋಡಲು ಸಾಧಾರಣ ಪ್ಲಾಸ್ಟಿಕ್ ಪೈಪ್ ಥರ ಇರುತ್ತದೆ. ಬಕೆಟ್ಟಿನ ಹಲ್ಲಿಗೆ ಇದ್ಯಾವುದೂ ತಡೆಯುವುದಿಲ್ಲ. ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು "ಕಾಲ್ ಬಿಫೋರ್ ಯು ಡಿಗ್" ಎನ್ನುವ ಆ್ಯಪ್ ಬಿಟ್ಟಿದೆ. ಎಲ್ಲಿ ಅಗೆಯುತ್ತೇವೆ ಅಂತ ಅದರಲ್ಲಿ ಮೊದಲೇ ತಿಳಿಸಿದರೆ ಅಲ್ಲಿ ಕೇಬಲ್, ಪೈಪ್ ಇರುವವರಿಗೆ ಸುದ್ದಿ ಹೋಗುತ್ತದೆ. ನಮ್ಮ ಊರಿನಲ್ಲಿ ನಾನು ಕೇಳಿದ ಮೇಸ್ತ್ರಿಗಳಿಗೆ ಅದರ ಹೆಸರೇ ಗೊತ್ತಿಲ್ಲ. ಆ್ಯಪ್ ಬಳಸಿದರೂ ಸೈಟಿನೊಳಗಿನ ಹಳೇ ನಲ್ಲಿ ಲೈನ್, ಬೋರ್‌ವೆಲ್ ಕೇಬಲ್ ಅದರಲ್ಲಿ ಸಿಗುವುದಿಲ್ಲ, ಅದನ್ನು ಹಳೇ ಮನೆಯವರನ್ನೇ ಕೇಳಬೇಕು. ಅನುಮಾನ ಇದ್ದ ಕಡೆ ಮೊದಲು ಸಲಿಕೆಯಲ್ಲಿ ಕೈಯಿಂದ ತೋಡಿ ನೋಡಬೇಕು, ಬಕೆಟ್ ಆಮೇಲೆ.

ಮೇಲಿನ ತಂತಿಯೂ ಅಷ್ಟೇ. ಓಣಿಗಳಲ್ಲಿ ಸರ್ವಿಸ್ ವೈರ್ ಜೋತು ಬಿದ್ದಿರುತ್ತವೆ, ಟ್ರೇಲರ್‌ಗೆ ಮಣ್ಣು ಸುರಿಯಲು ತೋಳು ಎತ್ತಿದಾಗ ತಾಗುತ್ತದೆ. ಟ್ರೇಲರ್ ನಿಲ್ಲಿಸುವ ಜಾಗವನ್ನೇ ತಂತಿ ಇಲ್ಲದ ಕಡೆ ಆರಿಸಿ. ತಾಗಿತು ಅಂದರೆ ಆಪರೇಟರ್ ಕೆಳಗೆ ಇಳಿಯಬಾರದು, ಕೂತಲ್ಲೇ ಕೂತಿರಬೇಕು, ಸುತ್ತಲಿನವರು ಹತ್ತಿರ ಬರದೇ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಯಂತ್ರ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ದೂರಕ್ಕೆ ಹಾರಬೇಕು, ಆಮೇಲೂ ಕಾಲು ಜೋಡಿಸಿಯೇ ಕುಪ್ಪಳಿಸುತ್ತಾ ದೂರ ಹೋಗಬೇಕು.

ಮಣ್ಣು ಕುಸಿದು ಯಾರಾದರೂ ಸಿಕ್ಕಿಕೊಂಡರೆ ಗಾಬರಿಯಲ್ಲಿ ಎಲ್ಲರೂ ಮಾಡುವುದು ಒಂದೇ, ಅದೇ ಬಾಬ್‌ಕ್ಯಾಟ್ ತಂದು ಮಣ್ಣು ಎಳೆಯುವುದು. ಹಾಗೆ ಮಾಡಬೇಡಿ! ಹೂತವನು ಎಲ್ಲಿದ್ದಾನೆ ಅಂತ ಕಾಣುವುದಿಲ್ಲ, ಬಕೆಟ್ ಅವನ ಮೇಲೇ ಹೋಗುತ್ತದೆ. ಯಂತ್ರದ ಭಾರಕ್ಕೆ, ಅದುರುವಿಕೆಗೆ ಉಳಿದ ಅಂಚೂ ಬೀಳುತ್ತದೆ. ಇಂಜಿನ್ ಬಂದ್ ಮಾಡಿ, ಉಳಿದವರನ್ನು ಹೊರಗೆ ಕರೆಯಿರಿ, 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಸಿ, ಆಂಬುಲೆನ್ಸ್‌ಗೆ 108. ಹೂತವನ ಮುಖ, ಎದೆ ಎಲ್ಲಿದೆ ಅಂತ ಗೊತ್ತಿದ್ದು ಅಲ್ಲಿಗೆ ಹೋಗುವುದು ಸುರಕ್ಷಿತ ಅನ್ನಿಸಿದರೆ ಮಾತ್ರ ಕೈಯಿಂದ, ಬುಟ್ಟಿಯಿಂದ ಮಣ್ಣು ತೆಗೆಯಿರಿ. ಕಾಪಾಡಲು ಹಾರಿದವರ ಮೇಲೆ ಎರಡನೇ ಸಲ ಮಣ್ಣು ಬೀಳುವುದು ಎಲ್ಲಾ ಕಡೆ ಆಗುವ ಅನಾಹುತ.

ಇಷ್ಟೆಲ್ಲ ಹೇಳಿದ ಮೇಲೆ ಬಾಡಿಗೆಯ ಲೆಕ್ಕಕ್ಕೆ ಬರಲೇಬೇಕು, ಯಾಕೆಂದರೆ ಅವಸರ ಹುಟ್ಟುವುದು ಅಲ್ಲೇ. ಯಂತ್ರ ಗಂಟೆ ಲೆಕ್ಕದಲ್ಲಿ ಹೋಗುತ್ತದೆ. ಯಂತ್ರ ಬಂದು ಇಳಿದ ಕೂಡಲೇ ಮನೆ ಕಟ್ಟಿಸುವವರು ಗಡಿಯಾರ ನೋಡುತ್ತಾರೆ. ಅವರದೂ ತಪ್ಪಲ್ಲ, ಸಾಲ ಮಾಡಿ ಮನೆ ಕಟ್ಟಿಸುವವರು, ಒಂದೊಂದು ಗಂಟೆಯೂ ಅವರಿಗೆ ಹೊರೆಯೇ. ಆದರೆ ಹಗ್ಗ ಕಟ್ಟುವುದು, ಅಂಚು ನೋಡುವುದು, ಪೈಪ್ ವಿಚಾರಿಸುವುದು, ಇದೆಲ್ಲ ಗಡಿಯಾರ ಓಡುತ್ತಿರುವಾಗ ಯಾರೂ ಮಾಡುವುದಿಲ್ಲ. ಹಾಗಾಗಿ ನಾನು ಮೊದಲ ಅರ್ಧ ಗಂಟೆಗೆ ಬಾಡಿಗೆ ಹಾಕುವುದಿಲ್ಲ. ಆ ಹೊತ್ತಿನಲ್ಲಿ ಆಪರೇಟರ್ ಸೈಟು ಸುತ್ತಿ ನೋಡುತ್ತಾನೆ, ಟೈರು, ಎಣ್ಣೆ, ಬಾರು, ರಿವರ್ಸ್ ಹಾರ್ನ್ ನೋಡುತ್ತಾನೆ, ಮೇಸ್ತ್ರಿ ಜೊತೆ ಕೂತು ಎಲ್ಲಿಂದ ತೋಡಬೇಕು, ಮಣ್ಣು ಎಲ್ಲಿಗೆ ಹೋಗಬೇಕು ಅಂತ ಮಾತಾಡುತ್ತಾನೆ. ಇದರಿಂದ ನನಗೆ ನಷ್ಟ ಆಗಿಲ್ಲ. ಲೆಕ್ಕ ಮೊದಲೇ ಆದ ಸೈಟಿನಲ್ಲಿ ಕೆಲಸ ಬೇಗ ಮುಗಿಯುತ್ತದೆ, ಸುರಿದ ಮಣ್ಣನ್ನು ಮತ್ತೆ ಎತ್ತಿ ಬೇರೆ ಕಡೆ ಹಾಕುವ ಕೆಲಸ ಇರುವುದಿಲ್ಲ. ಊರಿನ ಎಲ್ಲ ಯಂತ್ರದವರೂ ಒಂದಾಗಿ ಹೀಗೆ ಮಾಡಿದರೆ ಯಾರೊಬ್ಬರಿಗೂ ಬಾಡಿಗೆ ತಪ್ಪುವುದಿಲ್ಲ.

ಆಪರೇಟರ್‌ಗಳ ತರಬೇತಿಯೂ ಆಗಬೇಕು. ನಮ್ಮಲ್ಲಿ ಹೆಲ್ಪರ್ ಆಗಿ ಬಂದ ಹುಡುಗ ಊಟದ ಹೊತ್ತಿನಲ್ಲಿ ಹತ್ತಿ ಕಲಿಯುತ್ತಾನೆ, ಆರು ತಿಂಗಳಿಗೆ ಆಪರೇಟರ್. ಕೈ ಚಳಕ ಬಂದಿರುತ್ತದೆ, ಆದರೆ ಭಾರ ಯಾವ ಕಡೆ ಇದೆ, ಮಣ್ಣು ಹೇಗೆ ಬೀಳುತ್ತದೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಇನ್‌ಫ್ರಾಸ್ಟ್ರಕ್ಚರ್ ಎಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಎನ್ನುವ ಸಂಸ್ಥೆಯ ಮೂಲಕ ಯಂತ್ರ ಆಪರೇಟರ್‌ಗಳಿಗೆ ಪ್ರಮಾಣಪತ್ರ ಕೊಡುವ ವ್ಯವಸ್ಥೆ ದೇಶದಲ್ಲಿ ಇದೆ. ಅಂಥ ತರಬೇತಿ ದಾವಣಗೆರೆಯಲ್ಲೇ, ಕನ್ನಡದಲ್ಲೇ, ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ನಡೆದರೆ ನಮ್ಮ ಹುಡುಗರು ಖಂಡಿತ ಬರುತ್ತಾರೆ. ಕಾರ್ಮಿಕ ಇಲಾಖೆಯವರು, ಐಟಿಐಗಳವರು ಸೇರಿ ಒಂದು ವಾರದ ಶಿಬಿರ ಮಾಡಲಿ, ನನ್ನ ಒಂದು ಯಂತ್ರವನ್ನು ಅದಕ್ಕೆ ಬಾಡಿಗೆ ಇಲ್ಲದೇ ಕೊಡಲು ಸಿದ್ಧ ಇದ್ದೇನೆ.

ಮಹಾನಗರ ಪಾಲಿಕೆಯವರಲ್ಲಿ, ಚಿತ್ರದುರ್ಗ ನಗರಸಭೆಯವರಲ್ಲಿ ಒಂದು ಕೋರಿಕೆ. ಮನೆ ಕಟ್ಟಲು ಪರವಾನಗಿ ಕೊಡುವಾಗ ನಕ್ಷೆಯ ಜೊತೆ ಒಂದೇ ಒಂದು ಪುಟ ಕನ್ನಡದಲ್ಲಿ ಕೊಡಿ. ಎಷ್ಟು ಆಳ ತೋಡುತ್ತಾರೆ, ಪಕ್ಕದ ಗೋಡೆ ಎಷ್ಟು ದೂರ, ಮಣ್ಣು ಎಲ್ಲಿ ಹಾಕುತ್ತಾರೆ, ಆ ರಸ್ತೆಯಲ್ಲಿ ನೆಲದೊಳಗೆ ಯಾವ ಪೈಪ್, ಯಾವ ಕೇಬಲ್ ಇದೆ, ವಿಚಾರಿಸಲು ಯಾರಿಗೆ ಫೋನ್ ಮಾಡಬೇಕು, ಇಷ್ಟು ಅದರಲ್ಲಿ ಇರಲಿ. ಮನೆ ಕಟ್ಟಿಸುವವರು, ಮೇಸ್ತ್ರಿ, ಯಂತ್ರದ ಮಾಲೀಕರು ಮೂವರೂ ಅದಕ್ಕೆ ಸಹಿ ಹಾಕಲಿ, ಒಂದು ಪ್ರತಿ ಆಪರೇಟರ್ ಕೈಯಲ್ಲಿ ಇರಲಿ. 5 ಅಡಿಗಿಂತ ಆಳ ಇರುವ ಕಡೆ ವಾರ್ಡ್ ಇಂಜಿನಿಯರ್ ಒಮ್ಮೆ ಬಂದು ನೋಡಿ ಹೋಗಲಿ. ಈ ವರ್ಷದ ಮುಂಗಾರು ಶುರುವಾಗುವ ಮೊದಲೇ ಇದು ಆಗಬೇಕು, ಯಾಕೆಂದರೆ ಈಗ ತೋಡಿಟ್ಟ ಪಾಯಗಳಿಗೆ ಮೊದಲ ನೀರು ಇಳಿಯುವುದು ಆಗಲೇ.

ಇತಿ ತಮ್ಮ ವಿಶ್ವಾಸಿ,
ಮಣ್ಣು ಕೆಲಸದ ಯಂತ್ರಗಳ ಮಾಲೀಕ
ನಿಟುವಳ್ಳಿ, ದಾವಣಗೆರೆ